ಬಾಡಿದ ಕ್ಯಾಲಥಿಯಾಗೆ ಯಾವ ಮದ್ದು? ಹೊಸ ಕುಂಡವೋ, ನೀರಿನ ಬಾಟಲಿಯೋ, ಮಾಸ್ ಡಬ್ಬಿಯೋ

ಶಿವರಾತ್ರಿ ಕಳೆಯಿತೆಂದರೆ ನನ್ನ ವಾಟ್ಸಾಪ್‌ಗೆ ಎಲೆಗಳ ಫೋಟೋ ಬರಲು ಶುರುವಾಗುತ್ತದೆ. ಅಂಚು ಸುಟ್ಟ ಎಲೆ, ಬೀಡಿಯಂತೆ ಸುರುಳಿ ಸುತ್ತಿಕೊಂಡ ಎಲೆ, ಹಳದಿ ತಿರುಗಿ ಜೋತುಬಿದ್ದ ಎಲೆ. ಕೆಳಗೆ ಒಂದೇ ಪ್ರಶ್ನೆ: "ಅಕ್ಕಾ, ಇದು ಬದುಕುತ್ತಾ?"

ನಾನು ವಾಪಸ್ ಕೇಳುವುದೂ ಒಂದೇ. "ಇಲ್ಲಿಯವರೆಗೆ ಏನೇನು ಮಾಡಿದ್ರಿ?" ಉತ್ತರ ಉದ್ದ ಇರುತ್ತದೆ. ಜಾಗ ಬದಲಿಸಿದೆ, ನೀರು ಜಾಸ್ತಿ ಹಾಕಿದೆ, ಗೊಬ್ಬರ ಕೊಟ್ಟೆ, ದೊಡ್ಡ ಕುಂಡಕ್ಕೆ ಹಾಕಿದೆ, ಬೇವಿನ ಎಣ್ಣೆ ಹೊಡೆದೆ. ಎಲ್ಲವೂ ಒಂದೇ ಭಾನುವಾರ. ಗಿಡಕ್ಕೆ ಕಾಯಿಲೆ ಇತ್ತೋ ಇಲ್ಲವೋ, ಆ ಭಾನುವಾರ ಮಾತ್ರ ಅದಕ್ಕೆ ದೊಡ್ಡ ಗಂಡಾಂತರ.

ನಾನೂ ಹೀಗೇ ಮಾಡಿದವಳು. ಆಗಸ್ಟ್ ತಿಂಗಳ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕ್ಯಾಲಥಿಯಾ ಆರ್ಬಿಫೋಲಿಯಾ ಅನ್ನುವ, ಮನೆಯೊಳಗಿಡುವ ಗಿಡವೊಂದನ್ನು ತಂದಿದ್ದೆ. ಊಟದ ತಟ್ಟೆಯಷ್ಟು ಅಗಲದ ಎಲೆ, ಮೇಲೆ ಬೆಳ್ಳಿ ಗೆರೆ. ಮಳೆಗಾಲದ ಗಾಳಿಯಲ್ಲಿ ತೇವ ಇತ್ತು, ಗಿಡ ಸುಖವಾಗಿತ್ತು. ಜನವರಿಯಲ್ಲಿ ಎಲೆಯಂಚು ಕಂದಾಯಿತು. ನೀರು ಸಾಲದು ಅಂದುಕೊಂಡು ದಿನಾ ಹಾಕಿದೆ. ಇನ್ನಷ್ಟು ಬಾಡಿತು. ಇನ್ನಷ್ಟು ಹಾಕಿದೆ. ಮಾರ್ಚ್‌ನಲ್ಲಿ ಸಾಗರದಿಂದ ಬಂದ ಅಮ್ಮ ಗಿಡದ ಬುಡ ಹಿಡಿದು ಸ್ವಲ್ಪ ಎತ್ತಿದಳು. ಹಸಿ ಮಣ್ಣಿನಿಂದ ಮೂಲಂಗಿ ಕಿತ್ತ ಹಾಗೆ ಬಂತು. ಕೆಳಗೆ ಬೇರೇ ಇಲ್ಲ.

"ಇದಕ್ಕೆ ಬಾಯಾರಿಕೆ ಅಲ್ಲ ಮಾರಾಯ್ತಿ, ಬಾಯೇ ಇಲ್ಲ. ಕುಡಿಯೋದು ಎಂತದ್ರಲ್ಲಿ?"

ಯಾವ ಚಿಕಿತ್ಸೆ ಒಳ್ಳೆಯದು ಅಂತ ಕೇಳುವ ಎಲ್ಲರಿಗೂ ನಾನು ಮೊದಲು ಹೇಳುವುದು ಅಮ್ಮನ ಈ ಮಾತನ್ನೇ. ಎಲೆ ನೋಡಿ ಮದ್ದು ಆರಿಸಬೇಡಿ. ಬೇರು ನೋಡಿ ಆರಿಸಿ.

ಮೊದಲು ಕುಂಡದಿಂದ ಹೊರಗೆ

ನೀರಿಲ್ಲದೆ ಒಣಗಿದ ಗಿಡವೂ, ನೀರು ಜಾಸ್ತಿಯಾಗಿ ಬೇರು ಕೊಳೆತ ಗಿಡವೂ ಮೇಲಿನಿಂದ ಒಂದೇ ತರಹ ಕಾಣುತ್ತವೆ. ಎರಡರಲ್ಲೂ ಎಲೆಗೆ ನೀರು ತಲುಪುತ್ತಿಲ್ಲ, ಅಷ್ಟೇ. ಕುಂಡ ಎತ್ತಿದರೆ ಅರ್ಧ ಗೊತ್ತಾಗುತ್ತದೆ. ಹಗುರವಾಗಿದ್ದು ಗಿಡ ಬಾಡಿದ್ದರೆ ಬಾಯಾರಿಕೆ. ಭಾರವಾಗಿದ್ದು ಬಾಡಿದ್ದರೆ ಕೊಳೆ. ಉಳಿದರ್ಧಕ್ಕೆ ಕುಂಡ ಓರೆ ಮಾಡಿ, ಗಿಡವನ್ನು ಮಣ್ಣಿನ ಸಮೇತ ಹೊರಗೆ ಜಾರಿಸಿ.

ಒಳ್ಳೆಯ ಬೇರು ಬಿಳಿ ಅಥವಾ ತಿಳಿ ಕಂದು, ಹಿಡಿದರೆ ಗಟ್ಟಿ. ಕೊಳೆತದ್ದು ಕಪ್ಪು, ಮೆತ್ತಗೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಮೂಗಿಗೂ ಗೊತ್ತಾಗುತ್ತದೆ. ಒಳ್ಳೆಯದಕ್ಕೆ ಮಳೆ ಬಿದ್ದ ಮಣ್ಣಿನ ವಾಸನೆ, ಕೆಟ್ಟದ್ದಕ್ಕೆ ಮೋರಿ ವಾಸನೆ. ಇಲ್ಲಿ ಎರಡು ಅಪವಾದ ನೆನಪಿಡಿ. ಜರಿಗಿಡಗಳ ಬೇರು ಹುಟ್ಟಿನಿಂದಲೇ ಕಪ್ಪಗೆ, ತಂತಿಯ ಹಾಗಿರುತ್ತದೆ. ಅದನ್ನು ಕೊಳೆ ಅಂದುಕೊಂಡು ಕತ್ತರಿಸಿದವರು ಬಹಳ ಮಂದಿ. ಆರ್ಕಿಡ್ ಬೇರು ಒಣಗಿದಾಗ ಬೂದಿ ಬಣ್ಣ, ನೆನೆದಾಗ ಹಸಿರು. ಬೂದಿ ಬಣ್ಣ ಅಂದರೆ ಸತ್ತಿದೆ ಅಂತ ಅಲ್ಲ.

ಈಗ ನಿಮ್ಮ ಗಿಡ ಮೂರರಲ್ಲಿ ಒಂದು ಸ್ಥಿತಿಯಲ್ಲಿದೆ. ಬೇರೆಲ್ಲ ಚೆನ್ನಾಗಿದೆ. ಅರ್ಧ ಹೋಗಿದೆ. ಪೂರ್ತಿ ಹೋಗಿದೆ. ಒಂದೊಂದಕ್ಕೆ ಒಂದೊಂದು ದಾರಿ.

ಬೇರು ಚೆನ್ನಾಗಿದ್ದರೆ: ಸುಮ್ನೆ ಬಿಡಿ

ಹೇಳಲು ಸುಲಭ, ಮಾಡಲು ಕಷ್ಟದ ಚಿಕಿತ್ಸೆ ಇದು. ಹೊಸದಾಗಿ ತಂದ ಗಿಡಕ್ಕಂತೂ ಬೇರೆ ಯಾವುದೂ ಬೇಡ. ಅದು ಪಾಲಿಹೌಸ್‌ನ ತೇವದ ಗಾಳಿಯಲ್ಲಿ, ಮೇಲಿನಿಂದ ಸೋಸಿ ಬರುವ ಬೆಳಕಿನಲ್ಲಿ ಬೆಳೆದದ್ದು. ನಿಮ್ಮ ಹಾಲ್‌ಗೆ ಬಂದ ಮೇಲೆ ಎರಡು ಮೂರು ಎಲೆ ಉದುರಿಸುತ್ತದೆ. ಮೂರು ನಾಲ್ಕು ವಾರ ಒಂದೇ ಜಾಗದಲ್ಲಿಟ್ಟು ಕಾಯಿರಿ. ಫಿಡಲ್ ಲೀಫ್ ಫಿಗ್ ಇದ್ದರೆ ಇನ್ನೂ ಜಾಸ್ತಿ ಕಾಯಿರಿ. ಅದು ನಮ್ಮ ಆಲ, ಅತ್ತಿಗಳ ಆಫ್ರಿಕಾದ ನೆಂಟ. ಜಾಗ ಬದಲಿಸಿದಾಗಲೆಲ್ಲ ಎಲೆ ಉದುರಿಸಿ ಸಿಟ್ಟು ತೋರಿಸುತ್ತದೆ.

ಬೇರು ಚೆನ್ನಾಗಿದ್ದು ಮಣ್ಣುಂಡೆ ಒಣಗಿ ಕಲ್ಲಾಗಿದ್ದರೆ ಮೇಲಿನಿಂದ ನೀರು ಹಾಕಿ ಪ್ರಯೋಜನವಿಲ್ಲ. ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆ. ಕುಂಡವನ್ನು ಅರ್ಧ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಆಮೇಲೆ ಪೂರ್ತಿ ಬಸಿಯಲು ಬಿಡಿ. ಪೀಸ್ ಲಿಲಿ ಆದರೆ ಕೆಲವೇ ಗಂಟೆಯಲ್ಲಿ ಎದ್ದು ನಿಂತು, ಏನೂ ಆಗಿಲ್ಲವೆಂಬಂತೆ ನೋಡುತ್ತದೆ. ಇಷ್ಟು ನಾಟಕ ಮಾಡುವ ಗಿಡ ಇನ್ನೊಂದಿಲ್ಲ. ಆದರೆ ಆ ನಾಟಕವೇ ಅನುಕೂಲ. ಯಾವಾಗ ನೀರು ಬೇಕು ಅಂತ ಅದೇ ಹೇಳುತ್ತದೆ.

ಬೇರು ನೋಡುವಾಗ ಇನ್ನೊಂದು ವಸ್ತು ಕಣ್ಣಿಗೆ ಬೀಳಬಹುದು. ಟಿಶ್ಯೂ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಗಿಡಗಳ ಬುಡದಲ್ಲಿ ಸಣ್ಣ ಜಾಲರಿ ಚೀಲ ಉಳಿದಿರುತ್ತದೆ. ಬೇರು ಅದರಿಂದಾಚೆ ಸರಿಯಾಗಿ ಹೋಗಿಲ್ಲದಿದ್ದರೆ ಕತ್ತರಿಯಿಂದ ಜೋಪಾನವಾಗಿ ಬಿಡಿಸಿ.

ಅರ್ಧ ಹೋಗಿದ್ದರೆ: ಹೊಸ ಕುಂಡ, ಆದರೆ ಚಿಕ್ಕದು

ಎಲ್ಲರೂ ತಪ್ಪು ಮಾಡುವುದು ಕುಂಡದ ಅಳತೆಯಲ್ಲಿ. ಗಿಡ ಸೊರಗಿದೆ, ದೊಡ್ಡ ಮನೆ ಕೊಡೋಣ ಅನ್ನುವುದು ನಮ್ಮ ಮನಸ್ಸು. ಬೇರು ಕಡಿಮೆ ಇದ್ದು ಮಣ್ಣು ಜಾಸ್ತಿ ಇದ್ದರೆ ಆ ಮಣ್ಣಿನ ನೀರನ್ನು ಕುಡಿಯುವವರು ಯಾರು? ಹಾಗೇ ನಿಂತು ಉಳಿದ ಬೇರನ್ನೂ ಕೊಳೆಸುತ್ತದೆ. ಕೊಳೆತದ್ದನ್ನೆಲ್ಲ ಸ್ವಚ್ಛ ಕತ್ತರಿಯಿಂದ ತೆಗೆದ ಮೇಲೆ ಉಳಿದ ಬೇರಿನ ಸುತ್ತ ಒಂದು ಬೆರಳಷ್ಟೇ ಜಾಗ ಇರುವ ಕುಂಡ ಸಾಕು. ಹಲವು ಸಲ ಅದು ಮೊಸರಿನ ಪ್ಲಾಸ್ಟಿಕ್ ಕಪ್ಪಿನಷ್ಟೇ ಇರುತ್ತದೆ. ತಳಕ್ಕೆ ತೂತು ಮಾಡಿ ಅದರಲ್ಲೇ ನೆಡಿ, ನಾಚಿಕೆ ಬೇಡ.

ತಳದಲ್ಲಿ ಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವುದು ಹಳೆಯ ನಂಬಿಕೆ. ಆಗುವುದು ಉಲ್ಟಾ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿನ ಕಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ, ಕಲ್ಲಿನ ಮೇಲ್ಭಾಗದ ಮಣ್ಣಿನಲ್ಲೇ ತಡೆದು ನಿಲ್ಲುತ್ತದೆ. ಅಂದರೆ ಕೆಸರು ಬೇರಿಗೆ ಇನ್ನೂ ಹತ್ತಿರ ಬಂತು. ಕಲ್ಲು ಬೇಡ, ತೂತು ದೊಡ್ಡದಿರಲಿ.

ಮಣ್ಣಿನ ವಿಷಯಕ್ಕೆ ಬಂದರೆ, ನರ್ಸರಿಯ ಕೆಂಪು ಮಣ್ಣು ದಾಸವಾಳಕ್ಕೆ ಚೆನ್ನ. ಕ್ಯಾಲಥಿಯಾ, ಅಲೋಕೇಶಿಯಾಗೆ ಗಾರೆಯಂತೆ. ಇವೆಲ್ಲ ಕಾಡಿನ ನೆಲದ ತರಗೆಲೆಯಲ್ಲಿ ಬೇರು ಬಿಟ್ಟವು. ಗಾಳಿ ಆಡಬೇಕು, ತೇವವೂ ಇರಬೇಕು. ನಾನು ಬಳಸುವುದು ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್ (ಬಿಳಿ, ಹಗುರ ಕಲ್ಲಿನ ಕಾಳು), ಒಂದು ಪಾಲು ತೆಂಗಿನ ಸಿಪ್ಪೆಯ ತುಂಡು, ಒಂದು ಹಿಡಿ ಎರೆಗೊಬ್ಬರ. ಪರ್ಲೈಟ್ ಸಿಗದಿದ್ದರೆ ಇಟ್ಟಿಗೆ ಚೂರು ಆಗುತ್ತದೆ. ಅವರೆಕಾಳು ಗಾತ್ರಕ್ಕೆ ಪುಡಿ ಮಾಡಿ, ದೂಳು ತೊಳೆದು ಹಾಕಿ. ತೂಕ ಜಾಸ್ತಿ, ಕೆಲಸ ಅದೇ.

ಕೋಕೋಪೀಟ್ ನಮ್ಮ ತಿಪಟೂರು, ಅರಸೀಕೆರೆ ಸೀಮೆಯ ತೆಂಗಿನ ನಾರಿನ ಉಪ ಉತ್ಪನ್ನ. ಅಗ್ಗ, ಎಲ್ಲೆಡೆ ಸಿಗುತ್ತದೆ. ಇಟ್ಟಿಗೆಯ ಹಾಗೆ ಒತ್ತಿದ 5 ಕಿಲೋ ಕೋಕೋಪೀಟ್ ನೆನೆಸಿದರೆ ಸುಮಾರು 70 ಲೀಟರ್ ಆಗುತ್ತದೆ. ಮೊದಲ ಸಲ ಸ್ನಾನದ ಬಕೆಟ್‌ನಲ್ಲಿ ನೆನೆಸಿ ಬಚ್ಚಲೆಲ್ಲ ತುಂಬಿಸಿಕೊಂಡ ಅನುಭವ ನನಗುಂಟು. ಒಂದು ತೊಂದರೆ ಅಂದರೆ ಉಪ್ಪು. ತೊಳೆಯದ ಕೋಕೋಪೀಟ್‌ನಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಇರುತ್ತವೆ. ನೆನೆಸಿ, ಹಿಂಡಿ, ಕಂದು ನೀರು ಚೆಲ್ಲಿ. ಮೂರು ಸಲ ಹೀಗೆ ಮಾಡಿದ ಮೇಲೆ ಬಳಸಿ. ಈ ಕೆಲಸ ಬಿಟ್ಟರೆ ಎಲೆಯಂಚು ಸುಟ್ಟೇ ಸುಡುತ್ತದೆ, ಆಮೇಲೆ ಗಾಳಿಯ ತೇವವನ್ನು ಬೈಯುತ್ತಾ ಕೂರುತ್ತೀರಿ.

ಪೂರ್ತಿ ಹೋಗಿದ್ದರೆ: ಬಾಟಲಿಯೋ, ಡಬ್ಬಿಯೋ?

ನಿಜವಾದ ಆಯ್ಕೆ ಇರುವುದು ಇಲ್ಲಿ. ಬೇರಿಲ್ಲದ ಗಿಡಕ್ಕೆ ಮಣ್ಣು ಪ್ರಯೋಜನವಿಲ್ಲ. ಮೊದಲು ಬೇರು ಬರಿಸಬೇಕು.

ನೀರಿನ ಬಾಟಲಿಯ ದೊಡ್ಡ ಗುಣ ಏನೆಂದರೆ, ಒಳಗೆ ಏನಾಗುತ್ತಿದೆ ಅಂತ ಕಾಣುತ್ತದೆ. ಖರ್ಚಿಲ್ಲ. ಮನಿ ಪ್ಲಾಂಟ್, ಫಿಲೋಡೆಂಡ್ರಾನ್, ಮಾನ್‌ಸ್ಟೆರಾ ಜಾತಿಗಳಿಗೆ ಗೆಣ್ಣು ಮುಳುಗುವಷ್ಟು ನೀರು ಸಾಕು, ಬೇರು ಬಿಟ್ಟೇ ಬಿಡುತ್ತವೆ. ಪೀಸ್ ಲಿಲಿಯೂ ಒಪ್ಪುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಬೇಕು, ಅಷ್ಟೇ. ತೊಂದರೆ ಬರುವುದು ಆಮೇಲೆ. ನೀರಿನಲ್ಲಿ ಬಂದ ಬೇರು ನೀರಿಗೇ ಒಗ್ಗಿರುತ್ತದೆ. ಮಣ್ಣಿಗೆ ಹಾಕಿದಾಗ ಗಿಡ ಮತ್ತೆ ಸ್ವಲ್ಪ ಬಾಡುತ್ತದೆ. ಹಾಗಾಗಿ ಬೇರು ಎರಡು ಇಂಚು ಆದಾಗಲೇ ನೆಡಿ, ಗಡ್ಡದ ಹಾಗೆ ಬೆಳೆಯುವವರೆಗೆ ಕಾಯಬೇಡಿ. ನೆಟ್ಟ ಮೊದಲ ಎರಡು ವಾರ ಮಣ್ಣು ಮಾಮೂಲಿಗಿಂತ ತೇವವಾಗಿರಲಿ.

ಕ್ಯಾಲಥಿಯಾಗೆ ಮಾತ್ರ ಬಾಟಲಿ ಬೇಡ. ಅದರ ಒಂದು ಎಲೆ ಕಿತ್ತು ನೀರಲ್ಲಿಟ್ಟರೆ ವಾರಗಟ್ಟಲೆ ಹಸಿರಾಗಿರುತ್ತದೆ. ನಾವು ಆಸೆಯಿಂದ ನೋಡುತ್ತಿರುತ್ತೇವೆ. ಬೇರು ಬರುವುದೇ ಇಲ್ಲ. ಎಲೆದಂಟಿನಲ್ಲಿ ಹೊಸ ಗಿಡ ಆಗುವ ಮೊಗ್ಗು ಇಲ್ಲ. ಮೊಗ್ಗು ಇರುವುದು ಮಣ್ಣೊಳಗಿನ ಗೆಡ್ಡೆಯಲ್ಲಿ. ಕರಾವಳಿ, ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಕೂವೆ ಹಿಟ್ಟು ಕೊಡುವ ಆರಾರೂಟ್ ಗಿಡವೂ ಕ್ಯಾಲಥಿಯಾದ ಕುಟುಂಬದ್ದೇ. ಮೇಲಿನದೆಲ್ಲ ಒಣಗಿದರೂ ಗೆಡ್ಡೆ ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ ಅಲ್ವಾ? ಇದೂ ಹಾಗೇ.

ಅದಕ್ಕೇ ಮಾಸ್ ಡಬ್ಬಿ. ಸ್ಫ್ಯಾಗ್ನಮ್ ಮಾಸ್ ಅನ್ನುವುದು ಒಣಗಿಸಿದ ಪಾಚಿ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಆದರೂ ಒಳಗೆ ಗಾಳಿ ಇರುತ್ತದೆ. ನೆನೆಸಿ, ಇನ್ನು ಹನಿ ಬೀಳದು ಅನ್ನುವಷ್ಟು ಗಟ್ಟಿಯಾಗಿ ಹಿಂಡಿ. ಇಲ್ಲಿ ಕೈ ಸಡಿಲವಾದರೆ ಎಲ್ಲ ಕೆಟ್ಟಿತು. ಪಾರದರ್ಶಕ ಡಬ್ಬಿಯಲ್ಲಿ ಎರಡಿಂಚು ಹಾಸಿ, ಕೊಳೆ ತೆಗೆದ ಗೆಡ್ಡೆಯನ್ನು ಅರ್ಧ ಮುಳುಗುವಂತೆ ಇಡಿ. ದೊಡ್ಡ ಎಲೆಗಳಿದ್ದರೆ ಒಂದೆರಡು ಬಿಟ್ಟು ಉಳಿದದ್ದು ಕತ್ತರಿಸಿ. ಬೇರಿಲ್ಲದ ಗಿಡಕ್ಕೆ ಎಲೆಗಳನ್ನು ಸಾಕುವುದು ಭಾರ. ಮುಚ್ಚಳ ಹಾಕಿ, ಬೆಳಕಿರುವ ಆದರೆ ಬಿಸಿಲು ಬೀಳದ ಕಡೆ ಇಡಿ. ಬಿಸಿಲಲ್ಲಿಟ್ಟರೆ ಇಡ್ಲಿ ಪಾತ್ರೆ ಆಗುತ್ತದೆ. ದಿನಕ್ಕೊಮ್ಮೆ ಐದು ನಿಮಿಷ ತೆರೆದು ಗಾಳಿಯಾಡಿಸಿ. ಬೂಸ್ಟು ಕಂಡರೆ ಆ ಮಾಸ್ ತೆಗೆದು ಹೊಸದು ಹಾಕಿ.

ಇದು ಹೊಸ ಉಪಾಯವೇನಲ್ಲ. 1829ರಲ್ಲಿ ಲಂಡನ್‌ನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಮುಚ್ಚಿದ ಗಾಜಿನ ಬಾಟಲಿಯಲ್ಲಿಟ್ಟಿದ್ದ. ಕೋಶದ ಕತೆ ಏನಾಯಿತೋ, ಬಾಟಲಿಯ ಮಣ್ಣಿನಲ್ಲಿ ಜರಿಗಿಡ ಚಿಗುರಿತು. ಲಂಡನ್ನಿನ ಹೊಗೆಯಲ್ಲಿ ಅವನ ತೋಟದ ಜರಿಗಳೆಲ್ಲ ಸಾಯುತ್ತಿದ್ದ ಕಾಲ ಅದು. ಒಳಗಿನ ತೇವ ಗಾಜಿಗೆ ತಾಗಿ ಮತ್ತೆ ಕೆಳಗೆ ಇಳಿಯುತ್ತಿತ್ತು, ಗಿಡಕ್ಕೆ ಅದೇ ಸಾಕಾಗಿತ್ತು. ಆಮೇಲೆ ಅಂಥ ಗಾಜಿನ ಪೆಟ್ಟಿಗೆಗಳಲ್ಲೇ ಚೀನಾದ ಟೀ ಸಸಿಗಳು ಹಡಗೇರಿ ಭಾರತಕ್ಕೆ ಬಂದವು. ನನ್ನ ಡಬ್ಬಿ ಮೈಸೂರು ಪಾಕಿನದು, ಅಷ್ಟೇ ವ್ಯತ್ಯಾಸ.

ಡಬ್ಬಿಯ ದೋಷ ಎರಡು. ಮಾಸ್ ದುಬಾರಿ. ಹಾಗಾಗಿ ಒಂದೆರಡು ಗೆಡ್ಡೆಗೆ ಸರಿ, ಹತ್ತು ಗಿಡಕ್ಕೆ ತೊಳೆದು ಹಿಂಡಿದ ಕೋಕೋಪೀಟ್, ಪರ್ಲೈಟ್ ಸಮ ಬೆರೆಸಿ ಹಾಕಿದರೂ ನಡೆಯುತ್ತದೆ. ಇನ್ನೊಂದು, ಡಬ್ಬಿಯಲ್ಲಿ ಬೆಳೆದ ಎಲೆ ಮೆತ್ತಗಿರುತ್ತದೆ. ಹೊಸ ಎಲೆ ಬಂತು ಅಂತ ಖುಷಿಯಲ್ಲಿ ಅದೇ ದಿನ ಹೊರಗಿಟ್ಟರೆ ಸಂಜೆಗೆ ಒಣಗುತ್ತದೆ. ಮುಚ್ಚಳವನ್ನು ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಸರಿಸುತ್ತಾ ಹತ್ತು ದಿನ ತೆಗೆದುಕೊಳ್ಳಿ.

ಒಂದು ಮಾತು, ಡಬ್ಬಿಯಾಗಲಿ ಬಾಟಲಿಯಾಗಲಿ, ಗೊಬ್ಬರ ಬೇಡ. ಎಪ್ಸಂ ಉಪ್ಪು, ಟೀ ಚರಟ, ಅಕ್ಕಿ ತೊಳೆದ ನೀರು, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಹೊಸ ಎಲೆ ಪೂರ್ತಿ ಬಿಚ್ಚಿದ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಶ್ ಸಮ ಇರುವುದು) ಲೀಟರಿಗೆ ಅರ್ಧ ಗ್ರಾಂ ಬೆರೆಸಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು.

ಯಾವ ನೀರು?

ಬೆಂಗಳೂರಿನಲ್ಲಿ ಗಿಡ ಸಾಕುವವರು ಇದನ್ನು ಸರಿಮಾಡಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ಕ್ಯಾಲಥಿಯಾದ ತುದಿ ಸುಡುವುದಕ್ಕೆ ಎಲ್ಲರೂ ಒಣಗಾಳಿಯನ್ನೇ ದೂರುತ್ತಾರೆ. ಗಾಳಿಯೂ ಕಾರಣ, ನಿಜ. ಆದರೆ ನಲ್ಲಿಯ ತುದಿಯಲ್ಲಿ ಬಿಳಿ ಹರಳು ಕಟ್ಟುವ ಬೋರ್ ನೀರನ್ನು ಎರಡು ವರ್ಷ ಹಾಕಿದರೆ ಅದೇ ಬಿಳಿ ಉಪ್ಪು ಕುಂಡದ ಅಂಚಿನಲ್ಲೂ ಕಾಣುತ್ತದೆ. ಎಲೆಯ ತುದಿ ನೀರಿನ ದಾರಿಯ ಕೊನೆಯ ನಿಲ್ದಾಣ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಇಳಿದುಕೊಳ್ಳುತ್ತದೆ. ಸುಡುವುದು ಅದಕ್ಕೇ.

ಕುದಿಸಿ ಆರಿಸಿದರೆ ಆಗುವುದಿಲ್ವಾ ಅಂತ ಕೇಳುತ್ತಾರೆ. ಗಡಸುತನದ ಒಂದು ಭಾಗ ಪಾತ್ರೆಯ ತಳಕ್ಕೆ ಅಂಟಿಕೊಳ್ಳುತ್ತದೆ, ಉಳಿದದ್ದು ನೀರಲ್ಲೇ ಇರುತ್ತದೆ. ಬಕೆಟ್‌ನಲ್ಲಿ ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋಗಬಹುದು, ಉಪ್ಪು ಹೋಗದು. ಅಪಾರ್ಟ್‌ಮೆಂಟ್‌ನ ಸಾಫ್ಟನರ್ ನೀರು ಇನ್ನೂ ಕೆಟ್ಟದ್ದು. ಅದರಲ್ಲಿ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸಿರುತ್ತಾರೆ. ಬಟ್ಟೆ ಒಗೆಯಲು ಚೆನ್ನ, ಗಿಡಕ್ಕೆ ವಿಷ.

ಇನ್ನು ಆರ್‌ಓ ಯಂತ್ರದ ಪೈಪಿನಿಂದ ಹೊರಬರುವ ವೇಸ್ಟ್ ನೀರು. ನೀರು ಪೋಲಾಗಬಾರದು ಅಂತ ನಾವೆಲ್ಲ ಬಕೆಟ್‌ನಲ್ಲಿ ಹಿಡಿಯುತ್ತೇವೆ. ಒಳ್ಳೆಯ ಅಭ್ಯಾಸವೇ. ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಹೋಗಿ ಸೇರಿದ್ದು ಆ ಬಕೆಟ್‌ಗೇ. ನೆಲ ಒರೆಸಿ, ಸ್ಕೂಟರ್ ತೊಳೆಯಿರಿ. ಕ್ಯಾಲಥಿಯಾ, ಆಂಥೂರಿಯಂ, ಜರಿಗಿಡ, ಆರ್ಕಿಡ್‌ಗಳ ಹತ್ತಿರ ತರಬೇಡಿ.

ಹಾಗಾದರೆ ಹಾಕುವುದೇನು? ಮಳೆ ನೀರು ಎಲ್ಲಕ್ಕಿಂತ ಮೇಲು. ಮೊದಲ ಮಳೆಯ ದೂಳು ತೊಳೆದು ಹೋಗಲಿ, ಆಮೇಲೆ ತುಂಬಿಡಿ. ಎರಡನೆಯದು ಏಸಿಯ ಪೈಪಿನ ನೀರು. ಗಾಳಿಯ ತೇವವೇ ತಣಿದು ಬಂದದ್ದು, ಉಪ್ಪು ಇಲ್ಲವೇ ಇಲ್ಲ ಅನ್ನಬಹುದು. ಏಸಿ ಸ್ವಚ್ಛವಾಗಿರಬೇಕು, ಅಷ್ಟೇ. ಮೂರನೆಯದು ಆರ್‌ಓದ ಕುಡಿಯುವ ನೀರು. ನಾಜೂಕಿನ ನಾಲ್ಕು ಕುಂಡಕ್ಕೆ ವಾರಕ್ಕೆ ಎರಡು ಲೀಟರ್ ಕೊಟ್ಟರೆ ಮನೆ ಮುಳುಗುವುದಿಲ್ಲ. ಕಾವೇರಿ ನೀರು ಬರುವ ಮನೆಯವರು ಅದನ್ನೇ ಹಾಕಬಹುದು, ಬೋರ್‌ಗಿಂತ ಎಷ್ಟೋ ವಾಸಿ. ಬೋರ್ ಬಿಟ್ಟು ಬೇರೆ ಗತಿಯೇ ಇಲ್ಲದಿದ್ದರೆ ಮಳೆಗಾಲದಲ್ಲಿ ಕುಂಡಗಳನ್ನು ಸಣ್ಣ ಮಳೆಗೆ ಹೊರಗಿಟ್ಟು ಮಣ್ಣಿನ ಉಪ್ಪು ತೊಳೆಯಿರಿ. ಇಲ್ಲವೇ ತಿಂಗಳಿಗೊಮ್ಮೆ ಕುಂಡದ ಅಳತೆಯ ಮೂರು ಪಟ್ಟು ಸಿಹಿನೀರನ್ನು ನಿಧಾನವಾಗಿ ಸುರಿದು ಬಸಿಯಲು ಬಿಡಿ.

ಗಾಳಿಯ ತೇವ: ಸ್ಪ್ರೇ ಬಾಟಲಿ ಸೋಲುತ್ತದೆ

ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ. ಕ್ಯಾಲಥಿಯಾ ಕೇಳುವುದು 60. ಸ್ಪ್ರೇ ಬಾಟಲಿ ಹಿಡಿದು ದಿನಕ್ಕೆರಡು ಸಲ ಹೊಡೆದರೆ ಏರುವ ತೇವ ಕೆಲವೇ ನಿಮಿಷ ಇರುತ್ತದೆ. ಹನಿ ನಿಂತ ಎಲೆಯಲ್ಲಿ ಚುಕ್ಕೆ ರೋಗ ಬರುವುದು ಬೋನಸ್. ಕಲ್ಲು, ನೀರು ತುಂಬಿದ ತಟ್ಟೆಯ ಮೇಲೆ ಕುಂಡ ಇಡುವುದರಿಂದ ಅಲ್ಪ ಸ್ವಲ್ಪ ಉಪಯೋಗ. ಗಿಡಗಳನ್ನು ಗುಂಪಾಗಿ ಇಡುವುದು ಅದಕ್ಕಿಂತ ಒಳ್ಳೆಯದು, ದುಡ್ಡೂ ಖರ್ಚಿಲ್ಲ. ನಿಜವಾಗಿ ಕೆಲಸ ಮಾಡುವುದು ಹ್ಯೂಮಿಡಿಫೈಯರ್ (ಗಾಳಿಗೆ ತೇವ ಬಿಡುವ ಯಂತ್ರ) ಅಥವಾ ಗಾಜಿನ ಬಾಗಿಲಿನ ಕಪಾಟು. ಹ್ಯೂಮಿಡಿಫೈಯರ್‌ಗೂ ಬೋರ್ ನೀರು ಹಾಕಬೇಡಿ, ಟಿವಿ ಮೇಲೆಲ್ಲ ಬಿಳಿ ಪುಡಿ ಕೂರುತ್ತದೆ. ಕಿಟಕಿ ಇರುವ ಬಾತ್‌ರೂಮ್ ಇದ್ದರೆ ನೀವೇ ಪುಣ್ಯವಂತರು.

ಮಂಗಳೂರು, ಉಡುಪಿಯವರಿಗೆ ಈ ಪರದಾಟವೇ ಇಲ್ಲ. ಅವರ ಕಷ್ಟ ಜೂನ್‌ನಿಂದ ಶುರು. ಮಣ್ಣು ಒಣಗುವುದೇ ಇಲ್ಲ. ಅಲ್ಲಿ ಕೋಕೋಪೀಟ್ ಕಡಿಮೆ ಮಾಡಿ ಸಿಪ್ಪೆ ತುಂಡು, ಇದ್ದಿಲು ಜಾಸ್ತಿ ಹಾಕಬೇಕು. ಅಮೆರಿಕ, ಕೆನಡಾದ ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡ ಮನೆಯಲ್ಲಿ ಇರುವವರದು ನಮ್ಮ ಮಾರ್ಚ್‌ಗಿಂತ ಒಣ. ಅವರಿಗೆ ಹ್ಯೂಮಿಡಿಫೈಯರ್ ಬಿಟ್ಟು ಬೇರೆ ದಾರಿ ನನಗೆ ತೋಚದು.

ಒಣಗಾಳಿಯ ಜೊತೆ ಬರುವ ಇನ್ನೊಂದು ಪೀಡೆ ಜೇಡ ನುಸಿ. ಎಲೆಯ ಹಿಂಭಾಗಕ್ಕೆ ಬಿಳಿ ಕಾಗದ ಒತ್ತಿ ಕೊಡವಿ. ಚುಕ್ಕೆಗಳು ನಡೆದಾಡಿದರೆ ಅದೇ. ಮದ್ದಿಗಿಂತ ಮೊದಲು ಶವರ್ ಕೆಳಗೆ ಹಿಡಿದು ಎಲೆಯ ಹಿಂಭಾಗ ತೊಳೆಯಿರಿ. ಆಮೇಲೆ ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಎರಡು ಹನಿ ಪಾತ್ರೆ ಸೋಪು, ಸಂಜೆ ಹೊತ್ತು, ವಾರಕ್ಕೊಮ್ಮೆ, ಮೂರು ವಾರ. ಜರಿಗಿಡಕ್ಕೆ ಎಣ್ಣೆ ಬೇಡ.

ಇಷ್ಟೆಲ್ಲ ಕಷ್ಟಕ್ಕೆ ಯಾವ ಗಿಡ ಲಾಯಕ್ಕು?

ಉಳಿಸಬೇಕೋ ಬಿಡಬೇಕೋ, ಹೊಸದಾಗಿ ತರುವುದಾದರೆ ಯಾವುದು ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಒಪ್ಪಲೇಬೇಕೆಂದಿಲ್ಲ.

ಕ್ಯಾಲಥಿಯಾದಲ್ಲೇ ತರತರ. ಬಿಳಿ ಮಚ್ಚೆಯ ವೈಟ್ ಫ್ಯೂಷನ್ ಹ್ಯೂಮಿಡಿಫೈಯರ್ ಇಲ್ಲದವರ ಮನೆಗಲ್ಲ. ಆರ್ಬಿಫೋಲಿಯಾ ನಡುವಿನದು. ಉದ್ದ ಎಲೆಯ, ಹಾವಿನ ಮೈಯಂಥ ಗುರುತಿನ ರ‍್ಯಾಟಲ್‌ಸ್ನೇಕ್ ಬಹಳ ಗಟ್ಟಿ. ಮೊದಲ ಕ್ಯಾಲಥಿಯಾ ಅದೇ ಆಗಲಿ. ಅಂದಹಾಗೆ ಸಸ್ಯವಿಜ್ಞಾನಿಗಳು 2012ರಲ್ಲಿ ಇವುಗಳಲ್ಲಿ ಬಹುಪಾಲನ್ನು ಗೋಪರ್ಶಿಯಾ ಅನ್ನುವ ಹೆಸರಿಗೆ ವರ್ಗ ಮಾಡಿದ್ದಾರೆ. ನರ್ಸರಿಯಲ್ಲಿ ಹಾಗೆ ಕೇಳಿದರೆ ಮುಖ ನೋಡುತ್ತಾರೆ. ರಾತ್ರಿ ಎಲೆ ಮಡಚಿ ಎತ್ತಿಕೊಂಡರೆ ಗಾಬರಿ ಬೇಡ, ಅದು ನಿದ್ದೆ. ರಾತ್ರಿ ಎಲೆ ಆಡಿಸದಿದ್ದರೆ ಗಮನ ಕೊಡಿ.

ಅಲೋಕೇಶಿಯಾ ನೋಡಿದ ತಕ್ಷಣ ನಮ್ಮವರಿಗೆ ಕೆಸು ನೆನಪಾಗುತ್ತದೆ. ಸರಿಯೇ, ಒಂದೇ ಕುಟುಂಬ. ಪತ್ರೊಡೆಗೆ ಹುಣಸೆ ಹಾಕುವುದು ಯಾವ ತುರಿಕೆಗೆ ಹೆದರಿಯೋ ಅದೇ ಸೂಜಿಯಂಥ ಹರಳುಗಳು ಇದರಲ್ಲೂ ಇವೆ. ಇದನ್ನು ಮಾತ್ರ ತಿನ್ನುವಂತಿಲ್ಲ, ಮಕ್ಕಳು, ಬೆಕ್ಕು ಇರುವ ಮನೆಯಲ್ಲಿ ಎತ್ತರಕ್ಕಿಡಿ. ಡಿಸೆಂಬರ್ ಚಳಿಗೆ ಒಂದೊಂದೇ ಎಲೆ ಬಿಟ್ಟು ಬೋಳಾಗುತ್ತದೆ. ಸತ್ತಿತು ಅಂತ ಕಸಕ್ಕೆ ಹಾಕುವವರು ಬಹಳ. ಮಣ್ಣು ಬಗೆದು ನೋಡಿ. ಗೆಡ್ಡೆ ಗಟ್ಟಿ ಇದ್ದರೆ ನೀರು ಕಡಿಮೆ ಮಾಡಿ ಬೇಸಿಗೆವರೆಗೆ ಇಡಿ. ಸುತ್ತ ಹುರಿಗಡಲೆ ಗಾತ್ರದ ಮರಿಗೆಡ್ಡೆಗಳು ಸಿಗುತ್ತವೆ. ಸಿಪ್ಪೆ ಸುಲಿದು ಡಬ್ಬಿಗೆ ಹಾಕಿದರೆ ಒಂದು ಗಿಡ ಸತ್ತ ಲೆಕ್ಕಕ್ಕೆ ಐದು ಹುಟ್ಟುತ್ತವೆ. ಉಳಿಸುವ ಶ್ರಮಕ್ಕೆ ಇಷ್ಟು ಬಡ್ಡಿ ಕೊಡುವ ಗಿಡ ಬೇರೆ ಇಲ್ಲ.

ಮೇಡನ್‌ಹೇರ್ ಜರಿ ನನ್ನ ಮಟ್ಟಿಗೆ ಪೇಟೆ ಮನೆಯ ಗಿಡವಲ್ಲ. ಮಳೆಗಾಲದಲ್ಲಿ ಮಲೆನಾಡಿನ ಧರೆಗಳಲ್ಲಿ, ಬಾವಿಯ ಕಲ್ಲುಸಂದಿಯಲ್ಲಿ ಇದರ ಅಕ್ಕತಂಗಿಯರು ಯಾರೂ ಕೇಳದೆ ಬೆಳೆಯುತ್ತಾರೆ. ಕುಂಡದಲ್ಲಿ ಒಂದು ದಿನ ನೀರು ತಪ್ಪಿದರೆ ಹಪ್ಪಳ. ಒಣಗಿದ್ದರೆ ಎಲ್ಲ ಕಡ್ಡಿಗಳನ್ನೂ ಬುಡದಲ್ಲಿ ಕತ್ತರಿಸಿ, ಮಣ್ಣು ತೇವವಿಟ್ಟು ಒಂದು ತಿಂಗಳು ಕಾಯಿರಿ. ಬೇರು ಪೂರ್ತಿ ಒಣಗಿರದಿದ್ದರೆ ಸುರುಳಿ ಚಿಗುರು ಏಳುತ್ತದೆ. ಎರಡನೇ ಸಲವೂ ಒಣಗಿದರೆ ಬಿಟ್ಟುಬಿಡಿ.

ಫೆಲನಾಪ್ಸಿಸ್ ಆರ್ಕಿಡ್ ಉಡುಗೊರೆಯಾಗಿ ಬರುವ ಗಿಡ. ಬಂದಾಗ ಬೇರುಗಳು ಒದ್ದೆ ಮಾಸಿನಲ್ಲಿ ಬಿಗಿದಿರುತ್ತವೆ. ಹೂವು ಮುಗಿದ ಮೇಲೆ ಅದನ್ನೆಲ್ಲ ಬಿಡಿಸಿ, ಇದ್ದಿಲು ಮತ್ತು ತೆಂಗಿನ ಸಿಪ್ಪೆ ತುಂಡಿಗೆ ವರ್ಗಾಯಿಸಿ. ಹಲಸಿನ ಮರದ ಮೇಲೆ ನಮ್ಮ ಕಾಡು ಆರ್ಕಿಡ್ ಸೀತಾಳೆ ದಂಡೆ ಹೇಗೆ ಬದುಕುತ್ತದೆ ಅಂತ ನೋಡಿದವರಿಗೆ ಇದರ ಗುಟ್ಟು ಗೊತ್ತು. ನೆನೆಯಬೇಕು, ಬೇಗ ಒಣಗಬೇಕು. ಬೇರು ಬೂದಿ ಬಣ್ಣಕ್ಕೆ ತಿರುಗಿದಾಗ ಹತ್ತು ನಿಮಿಷ ನೀರಲ್ಲಿ ಅದ್ದಿ ತೆಗೆಯಿರಿ. ನಾನು ಕಂಡಂತೆ, ನಾಜೂಕು ಅಂತ ಹೆಸರಾದ ಗಿಡಗಳಲ್ಲಿ ಅತಿ ಕಡಿಮೆ ಕಾಟ ಕೊಡುವುದು ಇದೇ.

ಆಂಥೂರಿಯಂಗೂ ಹೆಚ್ಚುಕಡಿಮೆ ಇದೇ ನಿಯಮ. ಕೊಡಗಿನಲ್ಲಿ ಶೇಡ್ ನೆಟ್ ಕೆಳಗೆ ಸಾಲುಸಾಲಾಗಿ ಬೆಳೆದದ್ದನ್ನು ನೋಡಿ ಆಸೆಪಟ್ಟು ತಂದವರು ಬೆಳಕು ಸಾಕಷ್ಟು ಕೊಡಿ, ಇಲ್ಲದಿದ್ದರೆ ಹೂವೇ ಇಲ್ಲ. ಎಷ್ಟು ಬೆಳಕು? ಮಧ್ಯಾಹ್ನ ಗಿಡದ ಮೇಲೆ ಕೈ ಹಿಡಿಯಿರಿ. ನೆರಳು ಮಸುಕಾಗಿ ಕಂಡರೆ ಸರಿ. ನೆರಳೇ ಕಾಣದಿದ್ದರೆ ಕತ್ತಲು.

ನನ್ನ ಆರ್ಬಿಫೋಲಿಯಾ ವಿಷಯ ಹೇಳುವುದು ಉಳಿಯಿತು. ಬೇರಿಲ್ಲದ ಆ ಗೆಡ್ಡೆಯನ್ನು ಅಮ್ಮ ಕೊಳೆ ಕೆತ್ತಿ ಎರಡು ಹೋಳು ಮಾಡಿದಳು. ಮೈಸೂರು ಪಾಕ್ ಡಬ್ಬಿಯಲ್ಲಿ ಐದು ವಾರ ಕಳೆದ ಮೇಲೆ ಒಂದರಲ್ಲಿ ಹಸಿರು ಸೂಜಿ ಕಂಡಿತು, ಹತ್ತು ದಿನದ ನಂತರ ಇನ್ನೊಂದರಲ್ಲಿ. ಒಂದನ್ನು ಅಮ್ಮ ಸಾಗರಕ್ಕೆ ಒಯ್ದು ಬಾವಿಕಟ್ಟೆಯ ಪಕ್ಕ ಅಡಿಕೆ ಮರದ ನೆರಳಲ್ಲಿ ನೆಟ್ಟಳು. ನನ್ನದು ಇಲ್ಲಿ ಏಸಿ ನೀರು ಕುಡಿದು, ಹ್ಯೂಮಿಡಿಫೈಯರ್ ಪಕ್ಕ ಕುಳಿತು, ಆರು ಎಲೆ ಬಿಟ್ಟಿದೆ. ಹೋದ ವಾರ ಅಮ್ಮ ಫೋಟೋ ಕಳಿಸಿದ್ದಳು. ಅವಳ ಗಿಡದ ಎಲೆ ಎಣಿಸಲು ಹೋಗಲಿಲ್ಲ. ಅದರ ಕೆಳಗೆ ಬೆಕ್ಕು ಮರಿ ಹಾಕಿದೆಯಂತೆ.